ಯಾರೋ ಅಂದುಕೊಂಡಿದ್ದೆ

ಮುಖ ಕಾಣದ ಹೆಂಗಸಿನ ಜೊತೆ ಊರಿನ ಮರ್ಯಾದಸ್ಥರು ಹೇಗೆ ಮಾತಾಡುತ್ತಾರೆ ಎಂಬುದು ಇಪ್ಪತ್ತೆರಡನೆಯ ವಯಸ್ಸಿಗೇ ನನಗೆ ಗೊತ್ತಾಯಿತು. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ಯಾವ ಊರಿನಲ್ಲಿ ಎಂದು ಬರೆಯುವುದಿಲ್ಲ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಈ ನಾಲ್ಕರ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಆ ಜನರ ಮಕ್ಕಳು, ಮೊಮ್ಮಕ್ಕಳು ಇನ್ನೂ ಅಲ್ಲಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಹಿರಿಯರ ಮೇಲೆ ಇದೆ, ಅವರಲ್ಲಿ ಬಹಳಷ್ಟು ಮಂದಿ ಸತ್ತು ಹೋಗಿದ್ದರೂ ಇದೆ.

ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ನಮ್ಮ ಬೋರ್ಡು ಇತ್ತು. ಬೀರುವಿನಷ್ಟು ಎತ್ತರದ ಕಟ್ಟಿಗೆಯ ಹಲಗೆ, ಅದರ ತುಂಬ ತೂತುಗಳು, ಪ್ರತಿ ತೂತಿನ ಮೇಲೂ ಒಂದು ಸಣ್ಣ ಮುಚ್ಚಳ. ಊರಿನಲ್ಲಿ ಯಾರಾದರೂ ತಮ್ಮ ಫೋನಿನ ಹಿಡಿಕೆ ತಿರುವಿದರೆ ಇಲ್ಲಿ ಅವರ ನಂಬರಿನ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಆಗ ನಾನು ವೈರು ಚುಚ್ಚಿ ಯಾವ ನಂಬರು ಬೇಕು ಎಂದು ಕೇಳಬೇಕು. ಬೇರೆ ಊರಿಗೆ ಮಾತಾಡಬೇಕೆಂದರೆ ಅದು ಟ್ರಂಕ್ ಕಾಲ್. ಚೀಟಿ ಬರೆದುಕೊಂಡು, ಸರತಿ ಬಂದಾಗ ಆ ಊರಿನ ಆಪರೇಟರನ್ನು ಕರೆದು ಜೋಡಿಸಿಕೊಡಬೇಕು. ರಾಮದುರ್ಗಕ್ಕೆ ಇದ್ದದ್ದು ಒಂದೇ ಲೈನು. ಗಾಳಿ ಜೋರಾದರೆ ಅದೂ ಇಲ್ಲ. ಅಲ್ಲಿಯ ಆಪರೇಟರ್ ಒಬ್ಬ ವಯಸ್ಸಾದ ಹೆಂಗಸು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನಾನು ಅವರನ್ನು ರಾಮದುರ್ಗ ಎಂದೇ ಕರೆಯುತ್ತಿದ್ದೆ, ಅವರೂ ನನ್ನನ್ನು ನನ್ನ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು.

ಆ ಕಾಲಕ್ಕೆ ಫೋನು ಯಾರ ಮನೆಯಲ್ಲಿ ಇರುತ್ತಿತ್ತು ಎಂದು ಹೇಳಬೇಕಾಗಿಲ್ಲ. ಅಡತಿ ನಡೆಸುವ ದಲ್ಲಾಳಿ ವ್ಯಾಪಾರಿಗಳು, ವಕೀಲರು, ಡಾಕ್ಟರು, ಸಾಹುಕಾರರು, ಕೆಲವು ಕಚೇರಿಗಳು. ಊರಿನಲ್ಲಿ ಎದುರು ಬಂದರೆ ಜನ ದಾರಿ ಬಿಟ್ಟು ಕೊಡುವಂಥವರು. ಹಿಡಿಕೆ ತಿರುವಿ ನಾಲ್ಕು ಉಸಿರು ಕಾಯಬೇಕಾಗಿ ಬಂದರೆ ಸಾಕು, ಅವರ ಬಾಯಿಂದ ಬರುತ್ತಿದ್ದ ಮಾತು ನಮ್ಮ ಮನೆಯಲ್ಲಿ ಎತ್ತುಗಳಿಗೂ ಯಾರೂ ಆಡಿದ್ದಿಲ್ಲ. ನನಗಿಂತ ಹಿರಿಯಳಾದ ಇನ್ನೊಬ್ಬ ಆಪರೇಟರ್ ಇದ್ದಳು, ಗಂಡ ತೀರಿಕೊಂಡವಳು. ನಾನು ಬೆಳಗಿನ ಪಾಳಿ ಮಾಡಿದರೆ ಅವಳು ಮಧ್ಯಾಹ್ನದ್ದು. ಮೊದಲ ವಾರವೇ ಅವಳು ಹೇಳಿದ್ದಳು, ಬೈದದ್ದನ್ನು ಮನೆಗೆ ಹೊತ್ತುಕೊಂಡು ಹೋಗಬೇಡ, ಹೆಡ್‌ಫೋನಿನ ಜೊತೆಗೆ ಇಲ್ಲೇ ಮೊಳೆಗೆ ತೂಗುಹಾಕು ಎಂದು. ನನ್ನಿಂದ ಅದು ಆಗಲಿಲ್ಲ.

ಎಲ್ಲರಿಗಿಂತ ಕೆಟ್ಟವನು ಇಪ್ಪತ್ತೇಳನೇ ನಂಬರಿನವನು. ಜವಳಿ ಅಂಗಡಿಯವನು ಎಂದು ಗೊತ್ತಿತ್ತು, ನೋಡಿರಲಿಲ್ಲ. ಬೆಳಗ್ಗೆ ಹತ್ತಕ್ಕೆ ಮುಚ್ಚಳ ಬೀಳುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿರುತ್ತಿದ್ದ.

"ಎಲ್ಲಿ ಸತ್ತಿದ್ದಿ? ಎಷ್ಟ ಹೊತ್ತಿಂದ ತಿರುವಾಕ ಹತ್ತೇನಿ. ಕುರ್ಚಿ ಕೊಟ್ಟ ಕುಂದರಿಸಿದ್ದು ನಿದ್ದಿ ಮಾಡಾಕೇನು?"

ದಿನವೂ ಇದೇ, ಅಥವಾ ಇದಕ್ಕಿಂತ ಕೀಳು. ನಾನು "ನಂಬರ್ ಹೇಳ್ರಿ" ಎನ್ನುತ್ತಿದ್ದೆ. ಅಷ್ಟೇ ಹೇಳಲು ನಮಗೆ ಅನುಮತಿ.

ಆ ವರ್ಷ ನನ್ನ ತಂಗಿಯ ಮದುವೆ ಗೊತ್ತಾಯಿತು. ನಮ್ಮದು ಕಿತ್ತೂರು, ಹೊಲಮನೆ ಇದ್ದ ಲಿಂಗಾಯತ ಕುಟುಂಬ. ನಮ್ಮವ್ವ ಒಂದು ಭಾನುವಾರ ಬಸ್ಸು ಹಿಡಿದು ನಾನಿದ್ದ ಊರಿಗೆ ಬಂದಳು. ಸೀರೆಗೆ ಆ ಊರಿನಲ್ಲಿ ಒಳ್ಳೆಯ ಅಂಗಡಿ ಇದೆ ಎಂದು ಯಾರೋ ಹೇಳಿದ್ದರಂತೆ. ಹೋದೆವು. ಬಿಳಿ ಹಾಸಿನ ಗಾದಿಯ ಮೇಲೆ ಕೂತಿದ್ದ ಐವತ್ತರ ಮನುಷ್ಯ ನಮ್ಮನ್ನು ಕಂಡು ಎದ್ದು ನಿಂತ. ಬರ್ರಿ ಅವ್ವಾರ, ಮ್ಯಾಲ ಕುಂದರ್ರಿ ಎಂದ. ಬಿಸಿಲಿನಲ್ಲಿ ಬಂದಿದ್ದೀರಿ ಎಂದು ಬೀಸಣಿಗೆ ಕೊಡಿಸಿದ, ಚಹಾ ತರಿಸಿದ. ಇಪ್ಪತ್ತು ಇಳಕಲ್ ಸೀರೆ ಬಿಚ್ಚಿಸಿ ಅವ್ವ ಒಂದನ್ನೂ ಒಪ್ಪದಿದ್ದಾಗ ಮುಖ ಸಿಂಡರಿಸಲಿಲ್ಲ. ನನ್ನನ್ನು ತಂಗಿ ಎಂದು ಕರೆದು, ನಿಮ್ಮ ಮನಸ್ಸಿಗೆ ಯಾವುದು ಬಂತು ಹೇಳಿರಿ ಎಂದು ಕೇಳಿದ. ನಾನು ಅವ್ವನ ಕಡೆ ಕೈ ತೋರಿಸಿದೆ, ಕೊನೆಗೆ ಅವಳೇ ಒಂದನ್ನು ಆರಿಸಿದಳು. ಧ್ವನಿ ಗುರುತಿಸುವುದೇ ನನ್ನ ಹೊಟ್ಟೆಪಾಡು. ಅವನು "ಬರ್ರಿ" ಎಂದಾಗಲೇ ಇವನು ಇಪ್ಪತ್ತೇಳು ಎಂದು ಗೊತ್ತಾಗಿತ್ತು. ಅವನು ತರಿಸಿದ ಚಹಾ ಕುಡಿದೆ. ಈಗಲೂ ಆ ಚಹಾದ ಬಗ್ಗೆ ನಾಚಿಕೆಯಾಗುತ್ತದೆ.

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯುದ್ದಕ್ಕೂ ಅವ್ವ ಅವನ ಗುಣಗಾನ ಮಾಡಿದಳು. ಇಂಥ ಮನುಷ್ಯನ ಮನೆಗೆ ಹೆಣ್ಣು ಕೊಡಬೇಕು ಎಂದಳು.

ಮಂಗಳವಾರ ಹತ್ತಕ್ಕೆ ಮುಚ್ಚಳ ಬಿತ್ತು. ಎಲ್ಲಿ ಸತ್ತಿದ್ದಿ ಎಂದು ಶುರುವಾಯಿತು. ಅವನು ಉಸಿರು ತೆಗೆದುಕೊಳ್ಳುವವರೆಗೆ ಕಾದು ನಾನು ಹೇಳಿದೆ.

"ಆಯಿತವಾರ ನಿಮ್ಮ ಅಂಗಡ್ಯಾಗ ತಂಗೀ ಮದವಿಗೆ ಸೀರಿ ತಗೊಂಡ್ವಿ ನೋಡ್ರಿ, ಕಿತ್ತೂರಿನವರು. ಚಹಾ ಕುಡಿಸಿದ್ರಿ. ಆಕೀನ ನಾನು."

ಆ ಕಡೆಯಿಂದ ಭಾನುವಾರದ ಧ್ವನಿ ಬಂತು.

"ಅಯ್ಯ, ನೀವೇನ್ರಿ? ಮೊದಲ ಹೇಳಬಾರದೇನ್ರಿ ತಂಗಿ. ನಾ ಯಾರೋ ಅಂದ್ಕೊಂಡಿದ್ದೆ."

ತಪ್ಪಾಯಿತು ಎನ್ನಲಿಲ್ಲ. ತಪ್ಪು ನನ್ನದೇ, ನಾನು ಯಾರೆಂದು ಮೊದಲೇ ಹೇಳದೆ ಅವನ ಬಾಯಿಯನ್ನು ಹಾಳು ಮಾಡಿದ್ದೆ. ಆ ದಿನದಿಂದ ಅವನು ನನ್ನ ಜೊತೆ ಬೆಣ್ಣೆಯಲ್ಲಿ ಅದ್ದಿದಂತೆ ಮಾತಾಡತೊಡಗಿದ. ಆದರೆ ಫೋನು ಎತ್ತಿದೊಡನೆ ಮೊದಲು ಕೇಳುತ್ತಿದ್ದದ್ದು, ಯಾರು, ಕಿತ್ತೂರ ತಂಗಿ ಏನ್ರಿ ಎಂದು. ಹೌದು ಎಂದರೆ ಒಂದು ನಾಲಗೆ, ಅಲ್ಲ ಎಂದರೆ ಇನ್ನೊಂದು. ಮಧ್ಯಾಹ್ನದ ಪಾಳಿಯವಳಿಗೆ ಬೈಗುಳ ಹಾಗೇ ಮುಂದುವರಿಯಿತು. ಅವಳು ಒಂದು ತಿಂಗಳು ತಡೆದುಕೊಂಡು, ಆಮೇಲೆ ಉಪಾಯ ಕಂಡುಕೊಂಡಳು. ಅವನು ಕೇಳಿದಾಗ, ಹೌದ್ರಿ ಕಿತ್ತೂರ ತಂಗೀನ ಎಂದುಬಿಡುತ್ತಿದ್ದಳು. ನನಗೆ ಇದನ್ನು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಐದು ವರ್ಷ ಅವನ ಕಾಲ್ ಜೋಡಿಸಿದ ಹೆಂಗಸು ಮರ್ಯಾದೆ ಪಡೆಯಲು ಬೇರೊಬ್ಬಳ ಊರನ್ನು ಕಡ ತರಬೇಕಾಯಿತು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಇದು ಒಬ್ಬ ಜವಳಿ ವ್ಯಾಪಾರಿಯ ಕಥೆಯಾಗುತ್ತಿತ್ತು, ನಾನು ನೊಂದವಳಾಗಿ ಉಳಿಯುತ್ತಿದ್ದೆ. ಬಹಳ ವರ್ಷ ಜನರಿಗೆ ಇಷ್ಟನ್ನೇ ಹೇಳಿದೆ.

ಅದೇ ವರ್ಷದ ಕೊನೆಯಲ್ಲಿ ಒಂದು ಬೆಳಗ್ಗೆ, ಇನ್ನೂ ಒಂಬತ್ತೂವರೆಯಾಗಿರಬೇಕು, ಬೋರ್ಡಿನ ಪಕ್ಕದ ಕಿಟಕಿಗೆ ಒಬ್ಬ ಹೆಂಗಸು ಬಂದಳು. ಮನೆಯಲ್ಲಿ ಫೋನಿಲ್ಲದವರು ಆ ಕಿಟಕಿಯಲ್ಲಿ ಟ್ರಂಕ್ ಕಾಲ್ ಬರೆಸಿ ಹೊರಗೆ ಪಡಸಾಲೆಯಲ್ಲಿ ಕಾಯಬೇಕಾಗಿತ್ತು. ಮೂವತ್ತರ ಆಸುಪಾಸು, ಸಣ್ಣ ಅಂಚಿನ ನೂಲಿನ ಸೀರೆ, ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಒಂದು ಲಕೋಟೆ. ರಾಮದುರ್ಗಕ್ಕೆ ಮಾತಾಡಬೇಕಾಗಿದೆ, ಸ್ವಲ್ಪ ಜರೂರು ಇದೆ ಎಂದಳು. ನನ್ನನ್ನು ಅಕ್ಕಾರ ಎಂದು ಕರೆದಳು. ರಾಮದುರ್ಗದ ಒಂದು ಅಂಗಡಿಯ ನಂಬರು ಕೊಟ್ಟು, ಅಲ್ಲಿ ಕೆಲಸ ಮಾಡುವ ತನ್ನ ತಮ್ಮನನ್ನು ಕರೆಸಬೇಕು ಎಂದು ಬರೆಸಿದಳು. ಆ ದಿನದ ಮೊದಲ ಚೀಟಿ ಅವಳದು.

ಲೈನು ಕೆಟ್ಟಿತ್ತು. ಹನ್ನೊಂದರವರೆಗೆ ರಾಮದುರ್ಗ ಸಿಗಲೇ ಇಲ್ಲ. ಅಷ್ಟರಲ್ಲಿ ನಾಲ್ಕು ಜನ ವ್ಯಾಪಾರಿಗಳು ರಾಮದುರ್ಗಕ್ಕೇ ಕಾಲ್ ಬರೆಸಿ ಐದೈದು ನಿಮಿಷಕ್ಕೆ ಹಿಡಿಕೆ ತಿರುವತೊಡಗಿದ್ದರು. ಒಬ್ಬ ವಕೀಲ ನನ್ನ ಅಪ್ಪನನ್ನೂ ಸೇರಿಸಿ ಬೈದಿದ್ದ. ಲೈನು ಬಂದಾಗ ನನ್ನ ತಲೆ ಸಿಡಿಯುತ್ತಿತ್ತು. ಮೊದಲ ಚೀಟಿಯನ್ನು ಕೆಳಗಿಟ್ಟು ಬಾಯಿ ಜೋರಿದ್ದವರ ಚೀಟಿಯನ್ನು ಮೇಲೆ ತಂದೆ. ಬೈಯುವವರನ್ನು ಬೇಗ ಕಳೆದುಕೊಂಡರೆ ಕಿವಿಗೆ ಬಿಡುವು, ಬೈಯದವರು ಕಾಯುತ್ತಾರೆ. ಆವತ್ತು ನನಗೆ ಇದು ಲೆಕ್ಕಾಚಾರ ಎಂದೂ ಅನಿಸಲಿಲ್ಲ, ಕೈ ತಾನಾಗಿ ಹಾಗೆ ಮಾಡಿತು.

ಎರಡನೇ ಕಾಲ್ ನಡೆಯುತ್ತಿದ್ದಾಗ ಅವಳು ಕಿಟಕಿಯಲ್ಲಿ ಬಗ್ಗಿ, ನನ್ನದು ಮೊದಲು ಬರೆಸಿದ್ದಲ್ಲವೇ ಎಂದು ಕೇಳಿದಳು. ಮೆತ್ತಗೇ ಕೇಳಿದಳು.

"ನಿಂದೊಂದ ಐತೇನ ಇಲ್ಲಿ?" ಎಂದೆ ನಾನು. "ಗದ್ದಲ ಹಾಕಬ್ಯಾಡ. ಹೊರಗ ನಿಂದ್ರು, ಕರದಾಗ ಬಾ."

ಆ ಮಾತು ಸಿಟ್ಟಿನಿಂದ ಬರಲಿಲ್ಲ. ಸಿಟ್ಟಿನಿಂದ ಬಂದಿದ್ದರೆ ಆಮೇಲಾದರೂ ಕಸಿವಿಸಿ ಆಗುತ್ತಿತ್ತು. ಅದು ಸಲೀಸಾಗಿ, ಇಪ್ಪತ್ತೇಳನೆಯವನ ರಾಗದಲ್ಲೇ ಬಂತು. ಅವಳು ಹಿಂದೆ ಸರಿದಳು. ಪಡಸಾಲೆಯ ಬೆಂಚು ತುಂಬಿತ್ತು, ಕಂಬಕ್ಕೆ ಒರಗಿ ನಿಂತಳು. ನಾಲ್ಕು ಕಾಲ್ ಮುಗಿಯುವಷ್ಟರಲ್ಲಿ ಲೈನು ಮತ್ತೆ ಹೋಯಿತು, ಮತ್ತೆ ಬಂತು. ಬಂದಾಗ ಇನ್ನಿಬ್ಬರು ಅರ್ಜೆಂಟ್ ಎಂದು ಕೂಗಿದರು. ಅವರಿಗೂ ಕೊಟ್ಟೆ. ಅಂದು ಮಧ್ಯಾಹ್ನದ ಪಾಳಿಯವಳು ರಜೆ ಹಾಕಿದ್ದಳು, ನಾನೇ ಮುಂದುವರಿದಿದ್ದೆ. ಡಬ್ಬಿ ಬಿಚ್ಚಿ ರೊಟ್ಟಿ ತಿಂದೆ. ಆ ಹೆಂಗಸಿನ ಚೀಟಿ ಕೈಗೆ ಸಿಕ್ಕಾಗ ಮೂರೂವರೆ.

ರಾಮದುರ್ಗದವರು ಅಂಗಡಿಗೆ ಜೋಡಿಸಿದರು. ಆ ಹುಡುಗ ಪಂಪು ರಿಪೇರಿಯ ಕೆಲಸದವನಂತೆ, ಒಂದೂವರೆಗೆ ಹಳ್ಳಿಯ ಕಡೆ ಹೋದನಂತೆ, ನಾಳೆ ಸಂಜೆಗೆ ಬರುತ್ತಾನಂತೆ. ನಾನು ಕಿಟಕಿಯಿಂದಲೇ ಕೂಗಿ ಹೇಳಿದೆ, ಮನುಷ್ಯ ಇಲ್ಲವಂತೆ, ಕ್ಯಾನ್ಸಲ್ ಎಂದು. ಅವಳು ಹತ್ತಿರ ಬಂದು, ಎಷ್ಟು ಗಂಟೆಗೆ ಹೋದನಂತೆ ಎಂದು ಕೇಳಿದಳು. ಹೇಳಿದೆ. ಅವಳು ನನ್ನ ತಲೆಯ ಮೇಲಿದ್ದ ಗೋಡೆ ಗಡಿಯಾರವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಲಕೋಟೆಯನ್ನು ಮಡಚಿಕೊಂಡು ಹೊರಟುಹೋದಳು. ಸಂಜೆಯ ಹೊತ್ತಿಗೆ ನಾನು ಅವಳನ್ನು ಮರೆತಿದ್ದೆ.

ಎರಡು ತಿಂಗಳಾದ ಮೇಲೆ ಅವಳು ಮತ್ತೆ ಬಂದಳು. ಆವತ್ತು ಬೋರ್ಡು ಶಾಂತವಾಗಿತ್ತು, ನನ್ನ ಮನಸ್ಸೂ. ಬರ್ರಿ ಎಂದೆ, ಯಾವ ಊರಿಗೆ ಎಂದು ಕೇಳಿದೆ. ಅವಳು ನಂಬರು ಹೇಳುತ್ತಿದ್ದಂತೆ ಧ್ವನಿ ಗುರುತಾಯಿತು. ಅದೇ ನಂಬರು, ಅದೇ ತಮ್ಮ. ಮಾತಿಗೆಂದು, ಈ ಸಲ ಸಿಗುತ್ತಾನೆ ಬಿಡಿ ಎಂದೆ.

"ಈ ಸಲ ಸಿಕ್ಕರೇನು, ಬಿಟ್ಟರೇನ್ರಿ," ಎಂದಳು. "ಆವತ್ತ ಸಿಗಬೇಕಾಗಿತ್ತು."

ಕೇಳಬಾರದಿತ್ತು, ಕೇಳಿದೆ. ಆಗ ಅವಳು ಹೇಳಿದಳು, ಕಿಟಕಿಯ ಹಲಗೆಯ ಮೇಲೆ ಕೈ ಇಟ್ಟುಕೊಂಡು, ವರದಿ ಒಪ್ಪಿಸುವವಳಂತೆ. ಅವಳು ಮುನವಳ್ಳಿಯ ಕಡೆ ಒಂದು ಹಳ್ಳಿಯ ಸಾಲಿಯಲ್ಲಿ ಟೀಚರು. ತಮ್ಮನಿಗೆ ಸರ್ಕಾರಿ ನೌಕರಿಯ ಸಂದರ್ಶನಕ್ಕೆ ಕರೆ ಬಂದಿತ್ತು. ಕಾಗದ ಎಲ್ಲೆಲ್ಲೋ ತಿರುಗಿ ಅವಳ ಕೈ ಸೇರಿದ್ದು ಆವತ್ತಿನ ಹಿಂದಿನ ದಿನ ಸಂಜೆ. ಆವತ್ತಿನ ಮರುದಿನ ಬೆಳಗ್ಗೆ ಅವನು ಬೆಳಗಾವಿಯಲ್ಲಿ ಇರಬೇಕಾಗಿತ್ತು. ಅವಳು ಸಾಲಿಗೆ ರಜೆ ಹಾಕಿ ಓಡಿ ಬಂದಿದ್ದಳು. ಹತ್ತೂವರೆಗೆ ರಾಮದುರ್ಗದ ಬಸ್ಸು ಕಣ್ಣೆದುರೇ ನಿಂತಿತ್ತು, ಹತ್ತಿದ್ದರೆ ಒಂದರೊಳಗೆ ಮುಟ್ಟಿರುತ್ತಿದ್ದಳು. ಮೊದಲ ಚೀಟಿ ನನ್ನದಲ್ಲವೇ ಎಂದುಕೊಂಡು ಬಸ್ಸು ಬಿಟ್ಟಳು. ಸಂದರ್ಶನ ತಪ್ಪಿತು. ಆ ನೌಕರಿಗೆ ಅವನ ವಯಸ್ಸೂ ಈಗ ಮೀರಿತು.

ಆಗ ನನ್ನ ಬಾಯಿಂದ ಏನು ಬಂತು ಎಂಬುದನ್ನು ಬರೆಯಲಿಕ್ಕೇ ಈ ಬರಹ ಹಿಡಿದೆ.

"ಮೊದಲ ಹೇಳಬಾರದೇನ್ರಿ?" ಎಂದೆ. "ಟೀಚರ್ ಅಂತ, ಇಂಥಾ ಕೆಲಸ ಅಂತ. ನಾ ಯಾರೋ ಅಂದ್ಕೊಂಡಿದ್ದೆ."

ಮಾತು ಮುಗಿಯುವ ಮೊದಲೇ ಅದು ಯಾರ ಮಾತು ಎಂದು ನನಗೆ ಗೊತ್ತಾಯಿತು. ಅವಳಿಗೆ ಗೊತ್ತಿರಲಿಲ್ಲ, ಆದರೆ ಅವಳಿಗೆ ಬೇರೇನೋ ಗೊತ್ತಿತ್ತು.

"ಯಾರೋ ಅಂತ ತಿಳದ್ರಿ, ಅದಕ್ಕ ಆರ ತಾಸ ನಿಲ್ಲಿಸಿದ್ರಿ," ಎಂದಳು. "ಯಾರಂತ ಹೇಳಿದ್ದರ ಕಿಟಕಿ ಮುಟ್ಟಬ್ಯಾಡ ಅಂತಿದ್ರೋ ಏನೋ. ನಮ್ಮ ಕೇರಿ ಮಂದಿಗೆ ಎರಡೂ ರೂಢಿ ಐತ್ರಿ."

ಅವಳ ಕೈ ಇನ್ನೂ ಹಲಗೆಯ ಮೇಲೇ ಇತ್ತು. ನಾನು ಅದನ್ನು ನೋಡಿದೆ. ನೋಡಿದ್ದನ್ನು ಅವಳು ನೋಡಿದಳು. ಕಿತ್ತೂರಿನ ನಮ್ಮ ಮನೆಯ ಹಿತ್ತಲಲ್ಲಿ ಕೇರಿಯಿಂದ ಕೆಲಸಕ್ಕೆ ಬಂದವರಿಗೆ ಅವ್ವ ಮೇಲಿನಿಂದ ಬೊಗಸೆಗೆ ನೀರು ಹಾಕುತ್ತಿದ್ದಳು. ತಂಬಿಗೆ ಅವರಿಗೆ ತಾಗಬಾರದು. ಅದನ್ನು ದಿನವೂ ನೋಡುತ್ತ ಬೆಳೆದವಳು ನಾನು. ಒಮ್ಮೆಯೂ ಯಾಕೆ ಎಂದು ಕೇಳಿದವಳಲ್ಲ.

ನಾನು ವೈರು ಕೈಗೆ ತೆಗೆದುಕೊಂಡು, ಈಗಲೇ ಜೋಡಿಸಿ ಕೊಡುತ್ತೇನೆ ಎಂದೆ. ಅವಳ ಮುಂದೆ ಮೂರು ಚೀಟಿ ಇದ್ದವು.

"ಬ್ಯಾಡ," ಎಂದಳು. "ನನ್ನ ಸರತಿ ಬಂದಾಗ ಕೊಡ್ರಿ."

ಹೊರಗೆ ಹೋಗಿ ಕಂಬದ ಹತ್ತಿರ ನಿಂತಳು. ಆವತ್ತು ಬೆಂಚು ಖಾಲಿಯಿತ್ತು, ಆದರೂ ನಿಂತೇ ಇದ್ದಳು. ಮೂರು ಕಾಲ್ ಆದ ಮೇಲೆ ಕರೆದೆ. ಅವಳು ತಮ್ಮನ ಜೊತೆ ಎರಡೇ ನಿಮಿಷ ಮಾತಾಡಿದಳು. ನಾನು ಕಿವಿ ಕೊಡಲಿಲ್ಲ. ಆಮೇಲೆ ಅವಳು ನಮ್ಮ ಕಿಟಕಿಗೆ ಬಂದದ್ದು ನೆನಪಿಲ್ಲ.

ಮರುದಿನ ಹತ್ತಕ್ಕೆ ಇಪ್ಪತ್ತೇಳರ ಮುಚ್ಚಳ ಬಿತ್ತು. ಕಿತ್ತೂರ ತಂಗಿ ಏನ್ರಿ ಎಂದ. ಅಲ್ಲ ಎಂದೆ. ಹಾಗಾದರೆ ಯಾರು ಎಂದ. ಯಾರೋ ಎಂದೆ. ಅವನು ನಾಲಗೆ ಬದಲಿಸಿದ. ನಾನು ಚೀಟಿ ಬರೆದುಕೊಂಡು ಸರತಿಗೆ ಹಾಕಿದೆ. ಅವನ ಮುಂದೆ ಏಳು ಚೀಟಿ ಇದ್ದವು, ಏಳೂ ಆದ ಮೇಲೆ ಎಂಟನೆಯದಾಗಿ ಅವನದನ್ನು ಕೊಟ್ಟೆ. ಅವನು ದೂರು ಬರೆದ. ವಕೀಲನೂ ಬರೆದ. ಮೇಲಿನವರಿಂದ ನನಗೊಂದು ಎಚ್ಚರಿಕೆಯ ಕಾಗದ ಬಂತು, ಗಿರಾಕಿಗಳ ಜೊತೆ ಸೌಜನ್ಯದಿಂದ ವರ್ತಿಸಬೇಕು ಎಂದು. ನಾನು ಅದಕ್ಕೆ ಉತ್ತರ ಬರೆಯಲಿಲ್ಲ. ಚೀಟಿಯ ಸರತಿಯನ್ನೂ ಮುರಿಯಲಿಲ್ಲ. ಬೈದರೆ ವೈರು ಕಿತ್ತು ಮುಂದಿನವರಿಗೆ ಚುಚ್ಚುತ್ತಿದ್ದೆ. ಆ ಆಪರೇಟರಿಗೆ ಸೊಕ್ಕು ಎಂದು ಊರಿನಲ್ಲಿ ಹೆಸರಾಯಿತು. ಇರಲಿ ಎಂದುಕೊಂಡೆ. ನಾನು ಒಳ್ಳೆಯವಳಾದೆ ಎಂದು ಹೇಳುತ್ತಿಲ್ಲ, ನನ್ನ ಧ್ವನಿ ಆಮೇಲೆಯೂ ಗಡುಸಾಗಿಯೇ ಇತ್ತು. ಎಲ್ಲರಿಗೂ ಒಂದೇ ಸಮ ಗಡುಸಾಗಿತ್ತು, ಅಷ್ಟೇ.

ಆ ದಿನಗಳಲ್ಲಿ ಕೂಡ ಜನ ಹೇಳುತ್ತಿದ್ದರು, ಈಗಿನ ಕಾಲವೇ ಹೀಗೆ, ಎಲ್ಲರಿಗೂ ಅವಸರ, ಯಂತ್ರ ಬಂದು ಮನುಷ್ಯತ್ವ ಹೋಯಿತು ಎಂದು. ನಾನು ಒಪ್ಪುವುದಿಲ್ಲ. ಜವಳಿ ಅಂಗಡಿಯವನಿಗೆ ಭಾನುವಾರ ಇಪ್ಪತ್ತು ಸೀರೆ ಬಿಚ್ಚಲು ಅವಸರ ಇರಲಿಲ್ಲ. ಅವನ ಮರ್ಯಾದೆಯೆಲ್ಲ ಗುರುತಿನವರಿಗಾಗಿ ಕಟ್ಟಿಟ್ಟದ್ದು. ನೀನು ಯಾರು, ಯಾರ ಮಗಳು, ಯಾವ ಓಣಿ, ನಿನ್ನಿಂದ ನನಗೇನು, ಇಷ್ಟು ಗೊತ್ತಾದ ಮೇಲೆ ಬಿಚ್ಚುವ ಗಂಟು. ಹಳೆಯ ಕಾಲದಲ್ಲಿ ಎದುರಿಗೆ ಬಂದವರೆಲ್ಲ ಗುರುತಿನವರೇ ಆಗಿದ್ದರಿಂದ ಗಂಟು ಎಷ್ಟು ಸಣ್ಣದು ಎಂಬುದು ಯಾರಿಗೂ ಕಾಣಲಿಲ್ಲ. ಅಥವಾ ಕೇರಿಯವರಿಗೆ ಮಾತ್ರ ಕಂಡಿತ್ತು, ಅವರನ್ನು ಯಾರೂ ಕೇಳಿರಲಿಲ್ಲ. ಫೋನು, ಬಸ್ಸು, ಕಚೇರಿ ಬಂದು ಗುರುತಿಲ್ಲದವರು ಎದುರಾದಾಗ ಎಲ್ಲರಿಗೂ ಕಂಡಿತು. ಯಂತ್ರ ಯಾರನ್ನೂ ಕೆಡಿಸಲಿಲ್ಲ. ನನ್ನನ್ನೂ ಕೆಡಿಸಲಿಲ್ಲ. ಕಿಟಕಿಯಲ್ಲಿ ನಿಂತವಳಿಗೆ ನೀನು ಎನ್ನಲು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಡೆದದ್ದನ್ನು ನಾನು ರಾಮದುರ್ಗದ ಆಪರೇಟರಿಗೆ ಹೇಳಿಕೊಂಡಿದ್ದೆ, ಆ ತಮ್ಮನ ವಿಷಯ ಅವರಿಂದ ಆಗಾಗ ತಿಳಿಯುತ್ತಿತ್ತು. ಅಕ್ಕ ತಮ್ಮ ಇಬ್ಬರೂ ಬೌದ್ಧರಾದ ಮನೆಯವರು, ಅಪ್ಪ ಇಲ್ಲ, ಅಕ್ಕನೇ ಓದಿಸಿದ್ದು ಎಂದು ಅವರೇ ಹೇಳಿದರು. ವರ್ಷವೊಂದು ಕಳೆದ ಮೇಲೆ ಅವನಿಗೆ ಹುಬ್ಬಳ್ಳಿಯ ಕಡೆ ಯಾವುದೋ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ತಪ್ಪಿದ ನೌಕರಿಯ ಲೆಕ್ಕದಲ್ಲಿ ಅದು ಏನೂ ಅಲ್ಲ. ಇದನ್ನು ಕೇಳಿ ನನಗೆ ಹಗುರವಾಯಿತೇ ಎಂದು ರಾಮದುರ್ಗದವರು ಕೇಳಿದರು. ಇಲ್ಲ ಎಂದೆ.

ಅವಳನ್ನು ಇನ್ನೊಮ್ಮೆ ನೋಡಿದ್ದು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ. ನಾನು ಹಬ್ಬಕ್ಕೆ ಕಿತ್ತೂರಿಗೆ ಹೊರಟಿದ್ದೆ. ಹತ್ತಿಯ ಸುಗ್ಗಿ, ಪೇಟೆಗೆ ಬಂದ ಜನರಿಂದ ಸ್ಟ್ಯಾಂಡು ತುಂಬಿ ಹೋಗಿತ್ತು. ಅವಳು ಒಂದು ಬೆಂಚಿನ ತುದಿಯಲ್ಲಿ ಪುಸ್ತಕದ ಕಟ್ಟನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ನಾನು ಹೋಗಿ ಎದುರು ನಿಂತೆ. ಮನಸ್ಸಿನಲ್ಲಿ ಒಂದು ವರ್ಷ ಹೊಂದಿಸಿಟ್ಟುಕೊಂಡ ಮಾತುಗಳಿದ್ದವು. ಅವೆಲ್ಲ ಬಿಟ್ಟು, ಗುರುತು ಸಿಕ್ಕಿತೇ ಎಂದು ಕೇಳಿದೆ.

"ಸಿಕ್ಕೈತ್ರಿ," ಎಂದಳು.

ಆವತ್ತು ನನ್ನಿಂದ ಬಹಳ ತಪ್ಪಾಯಿತು ಎಂದೆ. ನಾನು ನಿಂತೇ ಇದ್ದೆ, ಜನ ನನ್ನನ್ನು ತಳ್ಳಿಕೊಂಡು ಹೋಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವಳು ಪುಸ್ತಕದ ಕಟ್ಟನ್ನು ತೊಡೆಯ ಮೇಲೆ ತೆಗೆದುಕೊಂಡಳು.

"ಕುಂದ್ರೂದಿದ್ದರ ಕುಂದರ್ರಿ. ಬೆಂಚ ನಂದಲ್ಲ, ಸರಕಾರದ್ದು."

ಕೂತೆ. ಇಬ್ಬರ ನಡುವೆ ಒಂದು ಗೇಣು ಜಾಗ ಇತ್ತು. ಅವಳು ಮುನವಳ್ಳಿಯ ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿದ್ದಳು. ಬಸ್ಸು ಬಂತು. ಅವಳು ಎದ್ದು, ಛತ್ರಿ ಕಂಕುಳಲ್ಲಿಟ್ಟುಕೊಂಡು, ಹಿಂತಿರುಗಿ ನೋಡದೆ ಹತ್ತಿದಳು. ನನ್ನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.